ಬಳ್ಳಾರಿ ಜಾಲಿಯ ಉರಿಗೆ ತಾಳುವ ಪಾತ್ರೆ

ನಮ್ಮ ಕಡೆ ಬೆಟ್ಟದ ಬುಡದಲ್ಲಿ, ಹೊಲದ ಬದುವಿನಲ್ಲಿ ಒಲೆ ಹೂಡಲು ಸಿಗುವ ಕಟ್ಟಿಗೆ ಎಂದರೆ ಬಹುಪಾಲು ಬಳ್ಳಾರಿ ಜಾಲಿ. ಹೆಸರಿನಲ್ಲಿ ನಮ್ಮ ಊರಿದ್ದರೂ ಮರ ನಮ್ಮದಲ್ಲ. ಅಮೆರಿಕ ಖಂಡದಿಂದ ಬಂದು ಇಲ್ಲಿ ಠಿಕಾಣಿ ಹೂಡಿದ್ದು. ಅದರ ಮುಳ್ಳು ಚಪ್ಪಲಿಯನ್ನು ತೂರಿ ಅಂಗಾಲಿಗೆ ಬರುತ್ತದೆ, ಅದನ್ನು ಬೈಯದ ರೈತನಿಲ್ಲ. ಆದರೆ ಉರಿಯಲ್ಲಿ ಅದಕ್ಕೆ ಸಾಟಿಯಿಲ್ಲ. ಅರ್ಧ ಹಸಿಯಾಗಿದ್ದರೂ ಹತ್ತಿಕೊಳ್ಳುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ, ಕಾವು ಮುಖಕ್ಕೆ ಹೊಡೆಯುತ್ತದೆ. ಬೆಟ್ಟಕ್ಕೆ ಒಯ್ಯಲು ಯಾವ ಪಾತ್ರೆ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವ ಪ್ರಶ್ನೆ, ಯಾವುದರ ಮೇಲೆ ಅಡುಗೆ ಮಾಡುತ್ತೀರಿ ಎಂಬುದು. ಗ್ಯಾಸ್ ಬರ್ನರ್ ಮೇಲೆ ವರ್ಷಗಟ್ಟಲೆ ಬಾಳುವ ಪಾತ್ರೆ ಜಾಲಿಯ ಉರಿಯಲ್ಲಿ ಒಂದೇ ಸಂಜೆಗೆ ಕೆಟ್ಟುಹೋಗಬಹುದು.

ನಾನು ಬಳ್ಳಾರಿಯವನು. ಮಳೆಗಾಲ ಇಳಿದ ಮೇಲೆ ಸಂಡೂರಿನ ಗುಡ್ಡಗಳು, ಚಳಿಗಾಲದಲ್ಲಿ ಆನೆಗೊಂದಿ, ಹಿರೇಬೆಣಕಲ್ಲು, ಮುದಗಲ್ಲು. ಗೆಳೆಯರೊಂದಿಗೆ ಬೆನ್ನುಚೀಲ ಹೊತ್ತು ಹೋಗುತ್ತೇನೆ, ಅಡುಗೆಯ ಹೊಣೆ ನನ್ನದೇ. ಅರಣ್ಯದೊಳಗೆ ಬೆಂಕಿ ಹಚ್ಚುವುದಿಲ್ಲ. ಹಿರೇಬೆಣಕಲ್ಲಿನ ಮೊರೇರ ಗುಡ್ಡದ ಮೇಲಂತೂ ಆ ಮಾತೇ ಇಲ್ಲ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದ ಅಲ್ಲಿನ ಪ್ರಾಚೀನ ಶಿಲಾಗೋರಿಗಳ ಪಕ್ಕದಲ್ಲಿ ಚಹಾ ಕಾಯಿಸಬೇಕು ಎನ್ನುವವರ ಜೊತೆ ನಾನು ಹೋಗುವುದೂ ಇಲ್ಲ. ಅಡುಗೆಯೆಲ್ಲ ಕೆಳಗೆ ಊರಿನ ಹೊಲದಲ್ಲಿ, ಹೊಲದವರನ್ನು ಕೇಳಿ. ಮೂರು ಕಲ್ಲು ಇಡುವುದಾದರೆ ಒಣಗಿದ ಕಲ್ಲೇ ಆಗಬೇಕು. ಹಳ್ಳದಿಂದ ಎತ್ತಿದ ತೇವದ ಕಲ್ಲು ಕಾವಿಗೆ ಸಿಡಿಯುತ್ತದೆ. ಬಂಡೆಯ ಮೈಮೇಲೆ ನೇರವಾಗಿ ಬೆಂಕಿ ಹಾಕಿದರೆ ಗ್ರಾನೈಟ್ ಚಕ್ಕೆ ಏಳುತ್ತದೆ, ಆ ಗಾಯ ಮಾಯುವುದಿಲ್ಲ.

ಈಗ ಲೋಹದ ವಿಷಯ. ಬೆನ್ನುಚೀಲದವರ ಜಗತ್ತಿನಲ್ಲಿ ಮೂರು ಹೆಸರು ಓಡಾಡುತ್ತವೆ: ಅಲ್ಯೂಮಿನಿಯಂ, ಸ್ಟೀಲ್, ಟೈಟಾನಿಯಂ. ಒಂದು ಘನ ಸೆಂಟಿಮೀಟರ್ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಟೈಟಾನಿಯಂ 4.5, ಸ್ಟೀಲ್ ಸುಮಾರು 8 ಗ್ರಾಂ. ಕಾವನ್ನು ಹರಡುವುದರಲ್ಲಿ ಅಲ್ಯೂಮಿನಿಯಂ ಮುಂದೆ; ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟಿಗೂ ಮಿಗಿಲು. ಟೈಟಾನಿಯಂ ಈ ವಿಷಯದಲ್ಲಿ ಸ್ಟೀಲಿನ ತಮ್ಮನೇ. ಹಗುರ, ತುಕ್ಕಿಲ್ಲ, ಬಗ್ಗುವುದಿಲ್ಲ, ಎಲ್ಲ ನಿಜ. ಆದರೆ ಅದರ ತೆಳು ಗೋಡೆಯಲ್ಲಿ ಉರಿ ತಗಲಿದ ಜಾಗವಷ್ಟೇ ಕಾಯುತ್ತದೆ. ನೀರು ಕುದಿಸಿ ಪೊಟ್ಟಣದ ಆಹಾರಕ್ಕೆ ಸುರಿಯುವವರಿಗೆ ಅದು ಸಾಕು. ಸೋನಾ ಮಸೂರಿ ಅನ್ನ ಮಾಡಲು ಹೋದರೆ ನಡುವೆ ಸೀದು ಅಂಚಿನಲ್ಲಿ ಅಕ್ಕಿಯಾಗಿಯೇ ಉಳಿಯುತ್ತದೆ. ಬೆಲೆಯೂ ಹಾಗೆಯೇ, ಭತ್ತದ ಕಣಜವಾದ ಗಂಗಾವತಿಯಲ್ಲಿ ಕುಳಿತು ಅನ್ನ ಬೇಯದ ಪಾತ್ರೆಗೆ ಅಷ್ಟು ಹಣ ಕೊಡಲು ನನಗೆ ಮನಸ್ಸು ಬಂದಿಲ್ಲ.

ಗ್ರಾಂ ಲೆಕ್ಕದ ಗೀಳು ನಮ್ಮ ಸೀಮೆಗೆ ಹೊಂದುವುದೂ ಇಲ್ಲ. ಹಿಮಾಲಯದಲ್ಲಿ ಪ್ರತಿ ತಿರುವಿಗೂ ತೊರೆ ಸಿಗಬಹುದು. ಇಲ್ಲಿ ಶಿವರಾತ್ರಿ ಕಳೆದರೆ ಬಂಡೆಗಳ ನಡುವಿನ ದೊಣೆಗಳೂ ಬತ್ತುತ್ತವೆ. ಒಬ್ಬನಿಗೆ ಒಂದು ದಿನಕ್ಕೆ ಕುಡಿಯಲು, ಬೇಯಿಸಲು ಎಂದು ಐದು ಲೀಟರ್ ನೀರು ಹೊತ್ತರೆ ಅದೇ ಐದು ಕೆಜಿ. ಅದರ ಪಕ್ಕದಲ್ಲಿ ಪಾತ್ರೆ ಇನ್ನೂರು ಗ್ರಾಂ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಚಿಂತಿಸುವುದು ಹುಡುಗಾಟ. ತೂಕ ಇಳಿಸಲೇಬೇಕೆಂದರೆ ಪಾತ್ರೆಯ ಲೋಹವನ್ನು ಬದಲಿಸುವುದಕ್ಕಿಂತ ಪಾತ್ರೆಗಳ ಸಂಖ್ಯೆಯನ್ನೇ ಇಳಿಸುವುದು ಸುಲಭ. ಇದರಲ್ಲಿ ನಮ್ಮ ಉತ್ತರ ಕರ್ನಾಟಕದ ಊಟದಷ್ಟು ಅನುಕೂಲದ್ದು ಬೇರೆ ಇಲ್ಲ. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಜೊತೆಗಿದ್ದರೆ ಒಂದು ಹೊತ್ತಿನ ಊಟಕ್ಕೆ ಒಲೆಯೇ ಬೇಡ. ಒಂದು ಕೆಜಿಯ ಕಬ್ಬಿಣದ ಹಂಚನ್ನು ಹೊತ್ತು ಗುಡ್ಡ ಹತ್ತಿ ಅಲ್ಲಿ ರೊಟ್ಟಿ ಬಡಿಯುತ್ತೇನೆ ಎಂದು ಹಟ ಹಿಡಿದ ಗೆಳೆಯನೊಬ್ಬನಿದ್ದಾನೆ. ರೊಟ್ಟಿ ಚೆನ್ನಾಗಿಯೇ ಬಂತು, ಒಪ್ಪುತ್ತೇನೆ. ಇಳಿಯುವಾಗ ಹಂಚು ಹೊತ್ತವನು ಮಾತ್ರ ಅವನಾಗಿರಲಿಲ್ಲ.

ಹೀಗಾಗಿ ನನ್ನ ಅಡುಗೆ ಮೂರಕ್ಕೆ ನಿಂತಿದೆ: ಚಹಾ, ಅನ್ನ, ಹೆಸರುಬೇಳೆಯ ಸಾರು. ತೊಗರಿ ಬೇಯಲು ಕುಕ್ಕರ್ ಬೇಡುತ್ತದೆ. ಹೆಸರುಬೇಳೆ ತೆರೆದ ಪಾತ್ರೆಯಲ್ಲಿಯೇ ಬೇಗ ಕರಗುತ್ತದೆ. ಕುಕ್ಕರ್ ಇಂಧನ ಉಳಿಸುತ್ತದೆ ಎಂಬುದು ಸರಿ, ಒಳಗಿನ ಕಾವು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುತ್ತದೆ. ಆದರೆ ಕಟ್ಟಿಗೆಯ ಉರಿ ತಳದಲ್ಲಿ ನಿಲ್ಲದೆ ಪಕ್ಕಕ್ಕೆ ನಾಲಗೆ ಚಾಚುತ್ತದೆ. ರಬ್ಬರ್ ಬಿರುಸಾಗುತ್ತದೆ, ಬೇಕಲೈಟ್ ಹಿಡಿ ಸುಟ್ಟು ನಾರುತ್ತದೆ.

ನಾನ್‌ಸ್ಟಿಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರ ಲೇಪನ 260 ಡಿಗ್ರಿ ದಾಟಿದ ಮೇಲೆ ಹಾಳಾಗತೊಡಗುತ್ತದೆ, ಇನ್ನೂ ಮೇಲೇರಿದರೆ ಹೊಗೆ ವಿಷಕಾರಿ. ಜಾಲಿಯ ಕೆಂಡದ ಮೇಲೆ ಖಾಲಿ ಬಾಣಲೆ ಆ ಮಿತಿ ದಾಟಲು ಬಹಳ ಹೊತ್ತು ಬೇಡ. ಹಾರ್ಡ್ ಆನೋಡೈಸ್ಡ್ ಅಲ್ಯೂಮಿನಿಯಂ ಬೇರೆ ಜಾತಿ. ಅಲ್ಲಿ ಬಣ್ಣ ಬಳಿದಿರುವುದಿಲ್ಲ, ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹರಿಸಿ ಲೋಹದ ಮೈಯನ್ನೇ ಗಟ್ಟಿ ಆಕ್ಸೈಡ್ ಮಾಡಿರುತ್ತಾರೆ. ಸೌಟು ತಾಗಿದರೆ ಗೀರು ಬೀಳುವುದಿಲ್ಲ, ಅನ್ನ ಸಮನಾಗಿ ಬೇಯುತ್ತದೆ. ಗ್ಯಾಸ್ ಬರ್ನರ್ ಒಯ್ಯುವ ದಿನ ನಾನು ಒಯ್ಯುವುದು ಅಂಥದೊಂದು ಪಾತ್ರೆ, ಒಳಗೆ ಯಾವ ಲೇಪನವೂ ಇಲ್ಲದ್ದು. ಆದರೆ ಅದಕ್ಕೊಂದು ಶತ್ರು ಇದೆ, ನಮ್ಮ ಬೂದಿ. ಕಟ್ಟಿಗೆಯ ಬೂದಿ ಕ್ಷಾರ. ಸ್ಟೀಲನ್ನು ಬೂದಿ ಹಾಕಿ ತಿಕ್ಕಿದರೆ ಹೊಳೆಯುತ್ತದೆ. ಅಲ್ಯೂಮಿನಿಯಂನ ಮೇಲಿನ ಪದರವನ್ನು ಅದೇ ಬೂದಿ ತಿನ್ನುತ್ತದೆ. ಹೊಲದ ಮನೆಯ ಅಕ್ಕ ಪ್ರೀತಿಯಿಂದ, "ಕೊಡಿ ತಮ್ಮಾ, ನಾನು ತೊಳೆದುಕೊಡುತ್ತೇನೆ" ಎಂದು ಪಾತ್ರೆಯನ್ನು ಕೈಗೆತ್ತಿಕೊಂಡಾಗ ಬೇಡ ಎನ್ನುವುದು ಹೇಗೆ? ಅದಕ್ಕೇ ಹಳ್ಳಿಯಲ್ಲಿ ತಂಗುವ ಪ್ರಯಾಣಕ್ಕೆ ಆನೋಡೈಸ್ಡ್ ಪಾತ್ರೆ ಮನೆಯಲ್ಲೇ ಇರುತ್ತದೆ.

ಮನೆಗಳಲ್ಲಿ ಜರ್ಮನ್ ಪಾತ್ರೆ ಎಂದು ಕರೆಯುವ ಸಾದಾ ಅಲ್ಯೂಮಿನಿಯಂ ಅಗ್ಗ, ಹಗುರ. ಬೋರ್‌ವೆಲ್ಲಿನ ಗಡಸು ನೀರು ಕುದಿಸಿದರೆ ಒಳಗೆ ಕಪ್ಪಾಗುತ್ತದೆ, ಹುಣಸೆಹುಳಿಯ ಸಾರು ರಾತ್ರಿಯಿಡೀ ಉಳಿದರೆ ಬೆಳಿಗ್ಗೆ ರುಚಿಯಲ್ಲಿ ಗೊತ್ತಾಗುತ್ತದೆ. ಚೀಲದಲ್ಲಿ ಒತ್ತಿದರೆ ನಗ್ಗುತ್ತದೆ, ನಗ್ಗಿದ ಮೇಲೆ ಮುಚ್ಚಳ ಕೂರುವುದಿಲ್ಲ. ಹಿತ್ತಾಳೆಗೆ ಕಲಾಯಿ ಬೇಕು, ಭಾರವೂ ಹೌದು. ಮಣ್ಣಿನ ಮಡಕೆಯ ಅನ್ನದ ರುಚಿ ಮನೆಗೇ ಇರಲಿ.

ಉಳಿದದ್ದು ಸ್ಟೀಲ್. ಬಹುತೇಕ ಪ್ರಯಾಣಗಳಿಗೆ ನಾನು ಒಯ್ಯುವುದು ಅದನ್ನೇ. ಶಿಬಿರದ ಸಾಮಾನು ಎಂದು ಮಾರುವ ಮಡಚುವ ಹಿಡಿಯ ಸೆಟ್ಟುಗಳನ್ನಲ್ಲ, ಬಳ್ಳಾರಿಯ ಪಾತ್ರೆ ಅಂಗಡಿಯಲ್ಲಿ ತೂಕದ ಮೇಲೆ ಮಾರುವ ಸಾದಾ ಡಬರಿಗಳನ್ನು. ತೂಕದ ಮೇಲೆ ಮಾರುವುದರಲ್ಲಿ ನಮಗೊಂದು ಲಾಭವಿದೆ: ಒಂದೇ ಅಳತೆಯ ನಾಲ್ಕು ಡಬರಿಗಳನ್ನು ತಕ್ಕಡಿಗೆ ಇಟ್ಟರೆ ಯಾವುದರ ತಗಡು ದಪ್ಪ ಎಂದು ಅದೇ ಹೇಳುತ್ತದೆ. ಎಲ್ಲರೂ ಹಗುರವಾದದ್ದು ಕೇಳುತ್ತಾರೆ, ನೀವು ಹೊತ್ತುಕೊಂಡು ಹೋಗುವವರು ಭಾರವಾದದ್ದು ಕೇಳುತ್ತೀರಲ್ಲ ಸರ್ ಎಂದು ಅಂಗಡಿಯವರು ನಕ್ಕರು. ತೆಳು ಸ್ಟೀಲಿನ ತಳ ದೊಡ್ಡ ಉರಿಗೆ ಉಬ್ಬುತ್ತದೆ. ಒಮ್ಮೆ ಉಬ್ಬಿದ ತಳ ಕಲ್ಲಿನ ಮೇಲೂ ನಿಲ್ಲುವುದಿಲ್ಲ, ಬರ್ನರ್ ಮೇಲೂ ನಿಲ್ಲುವುದಿಲ್ಲ.

ಕೆಲವರು ಅಯಸ್ಕಾಂತ ತಂದು ಪರೀಕ್ಷಿಸುತ್ತಾರೆ. ಅದರಿಂದ ಅರ್ಧ ಸತ್ಯವಷ್ಟೇ ತಿಳಿಯುತ್ತದೆ. ಶೇಕಡ 18 ಕ್ರೋಮಿಯಂ, 8 ನಿಕಲ್ ಇರುವ 304 ದರ್ಜೆಯ ಸ್ಟೀಲ್ ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ. ಆದರೆ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 202 ಕೂಡ ಅಂಟುವುದಿಲ್ಲ. ಅಲ್ಲದೆ ತಗಡನ್ನು ಒತ್ತಿ ಪಾತ್ರೆ ಮಾಡುವಾಗ ಬಾಗಿದ ಮೂಲೆಗಳಲ್ಲಿ ಒಳ್ಳೆಯ 304 ಕೂಡ ತುಸು ಅಂಟಬಹುದು. ತಳದಲ್ಲಿ ಒತ್ತಿದ ದರ್ಜೆ ಮತ್ತು ಐಎಸ್‌ಐ ಗುರುತು ನೋಡುವುದು ಇದಕ್ಕಿಂತ ಮೇಲು. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಆ ಗುರುತು ಕಡ್ಡಾಯ ಎಂದು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿತ್ತು.

ಗುರುತು ನೋಡಿದ ಮೇಲೆ ನನ್ನ ಬೆರಳು ಹೋಗುವುದು ಕಂಠಕ್ಕೆ. ಅಂಚನ್ನು ಹೊರಕ್ಕೆ ಮಡಚಿರಬೇಕು, ಇಕ್ಕಳ ಕಚ್ಚಲು ಅಷ್ಟು ಹಿಡಿತ ಬೇಕು. ಮಡಿಕೆ ಪೂರ್ತಿ ಮುಚ್ಚಿರದಿದ್ದರೆ ಒಳಗೆ ನೀರು ಸೇರಿ ಕೊಳೆ ಕಟ್ಟುತ್ತದೆ. ಹಿಡಿ ಇರುವ ಪಾತ್ರೆ ನಾನು ಕೊಳ್ಳುವುದೇ ಇಲ್ಲ. ಚುಕ್ಕಿ ವೆಲ್ಡಿಂಗ್ ಮಾಡಿದ ಹಿಡಿ ಮೊದಲು ಸಡಿಲವಾಗುವುದು ಉರಿಯಲ್ಲಿ, ಕಳಚುವುದು ತುಂಬಿದ ಸಾರನ್ನು ಎತ್ತುವಾಗ. ರಿವೆಟ್ ಹೊಡೆದದ್ದಾದರೆ ಸಡಿಲವಾದರೂ ಸುತ್ತಿಗೆಯಿಂದ ಮತ್ತೆ ಬಡಿಯಬಹುದು. ಆದರೆ ಒಂದು ಒಳ್ಳೆಯ ಇಕ್ಕಳ ಎಲ್ಲ ಪಾತ್ರೆಗೂ ಹಿಡಿಯಾಗುತ್ತದೆ, ಹಿಡಿ ಇಲ್ಲದ ಡಬರಿಗಳು ಒಂದರೊಳಗೊಂದು ಕೂರುತ್ತವೆ. ಇಕ್ಕಳವನ್ನು ಅಂಗಡಿಯಲ್ಲಿಯೇ ನೀರು ತುಂಬಿದ ಡಬರಿ ಎತ್ತಿ ಪರೀಕ್ಷಿಸಿ. ಖಾಲಿ ಪಾತ್ರೆಯನ್ನು ಎಲ್ಲ ಇಕ್ಕಳಗಳೂ ಎತ್ತುತ್ತವೆ.

ಇಬ್ಬರು ಮೂವರಿಗೆ ನನ್ನ ಸಾಮಾನು ಇಷ್ಟು: ಎರಡು ಲೀಟರಿನದೊಂದು ಡಬರಿ ಅನ್ನಕ್ಕೆ, ಅದರೊಳಗೆ ಕೂರುವ ಸಣ್ಣದೊಂದು ಸಾರಿಗೆ ಮತ್ತು ಚಹಾಕ್ಕೆ, ಎರಡಕ್ಕೂ ಮುಚ್ಚಳವಾಗುವ ಆಳದ ತಾಟುಗಳು, ಒಂದು ಸೌಟು, ಇಕ್ಕಳ. ನಡುವೆ ಹಳೆಯ ಹತ್ತಿಬಟ್ಟೆ ಸುತ್ತಿದರೆ ನಡೆಯುವಾಗ ಗಲಗಲ ಎನ್ನುವುದಿಲ್ಲ, ಬಿಸಿ ಹಿಡಿಯಲೂ ಅದೇ ಬಟ್ಟೆ. ಮುಚ್ಚಳ ಬೇಕೇ ಬೇಕು. ಗಾಳಿ ಎದ್ದ ಸಂಜೆ ತೆರೆದ ಪಾತ್ರೆಯಲ್ಲಿ ನೀರು ಕುದಿಯುವುದನ್ನು ಕಾಯುವವನಿಗೆ ಅದರ ಬೆಲೆ ಗೊತ್ತು. ಗಾಳಿಗೆ ಮರೆಯಾಗಿ ಗ್ಯಾಸ್ ಬರ್ನರ್ ಸುತ್ತ ತಗಡು ಕಟ್ಟುವವರು ಗ್ಯಾಸ್ ಡಬ್ಬಿಯನ್ನು ಒಳಗೆ ಸೇರಿಸಿ ಕಟ್ಟಬಾರದು. ಕಾವು ತಿರುಗಿ ಡಬ್ಬಿಗೇ ಹೊಡೆಯುತ್ತದೆ. ಕೊಪ್ಪಳಕ್ಕೆ ರೈಲಿನಲ್ಲಿ ಹೋಗುವುದಾದರೆ ಆ ಡಬ್ಬಿಯನ್ನು ಒಯ್ಯುವಂತೆಯೇ ಇಲ್ಲ, ನಿಷೇಧವಿದೆ.

ಸ್ಟೀಲಿನಲ್ಲಿ ಅನ್ನ ತಳ ಹಿಡಿಯುತ್ತದೆ ಎಂಬ ದೂರಿಗೆ ಮದ್ದು ಒಲೆಯಲ್ಲಿದೆ. ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಜೋರು ಉರಿಯಲ್ಲಿ ಒಂದು ಕುದಿ ತಂದು, ಕೊಳ್ಳಿಗಳನ್ನು ಹೊರಗೆಳೆದು ಕೆಂಡದ ಮೇಲೆ ಮುಚ್ಚಿ ಬಿಡುತ್ತೇನೆ. ಆಮೇಲೆ ಮುಚ್ಚಳ ತೆಗೆಯುವುದಿಲ್ಲ. ಮಸಿಗೆ ಹಳೆಯ ಉಪಾಯವೇ ಸಾಕು: ಒಲೆಗೆ ಇಡುವ ಮೊದಲು ಪಾತ್ರೆಯ ಹೊರಮೈಗೆ ತೆಳುವಾಗಿ ಕೆಸರು ಬಳಿದರೆ ಮಸಿ ಅದರ ಮೇಲೆ ಕೂರುತ್ತದೆ, ತೊಳೆದಾಗ ಮಣ್ಣಿನೊಂದಿಗೆ ಹೋಗುತ್ತದೆ.

ಪಾತ್ರೆಯನ್ನು ರಾತ್ರಿಯೇ ತೊಳೆಯಬೇಕು. ಉಪ್ಪಿನ ಸಾರು ಒಣಗಿ ಕುಳಿತರೆ ಸ್ಟೀಲಿನಲ್ಲೂ ಸಣ್ಣ ಕುಳಿಗಳು ಬೀಳುತ್ತವೆ. ಇನ್ನೊಂದು ಕಾರಣ ಕರಡಿ. ದರೋಜಿ ಕರಡಿಧಾಮದಲ್ಲಿ ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಬಳಿಯುತ್ತಾರೆ, ಕರಡಿಗಳು ಹುಡುಕಿಕೊಂಡು ಬಂದು ನೆಕ್ಕುತ್ತವೆ. ಸಂಡೂರು, ಗಂಗಾವತಿಯ ಗುಡ್ಡಗಳ ಕರಡಿಗೂ ಮೂಗು ಅದೇ. ಪಾಯಸದ ಡಬರಿಯನ್ನು ಡೇರೆಯ ಪಕ್ಕದಲ್ಲಿ ಮಗುಚಿಟ್ಟು ಮಲಗುವ ಧೈರ್ಯ ನನಗಿಲ್ಲ.

ಹತ್ತು ಜನಕ್ಕಿಂತ ಹೆಚ್ಚಾದರೆ ಪಾತ್ರೆ ಹೊರುವ ಗೋಜಿಗೇ ಹೋಗುವುದಿಲ್ಲ. ದೊಡ್ಡ ಊರುಗಳಲ್ಲಿ ಶಾಮಿಯಾನದವರು, ಹಲವು ಕಡೆ ಗುಡಿಯವರು ಮದುವೆ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಹಿಂದಿನ ದಿನ ಫೋನ್ ಮಾಡಿ ಹೇಳಿಟ್ಟರೆ ಸಾಕು. ತೊಳೆದು, ಸೌಟು ಮುಚ್ಚಳಗಳನ್ನು ಎಣಿಸಿ ಹಿಂದಿರುಗಿಸಬೇಕು, ಏಕೆಂದರೆ ಪಡೆಯುವಾಗ ಅವರೂ ಎಣಿಸಿಯೇ ಕೊಟ್ಟಿರುತ್ತಾರೆ.