ಹೆಬ್ಬೆರಳಿಗೆ ಬೆಲ್ಟ್ ಕೊಳ್ಳುವ ಮುನ್ನ ಗೆಣ್ಣು ಎಣಿಸಿ

ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸಿ, ಕತ್ತರಿಯನ್ನು ಕೆಳಗಿಡಲು ಹೋದರೆ ಹೆಬ್ಬೆರಳು ಅದರ ಕಣ್ಣಿನೊಳಗೇ ಮಡಚಿಕೊಂಡು ಕುಳಿತಿತ್ತು. ಎಡಗೈಯಿಂದ ಹಿಡಿದು ನೆಟ್ಟಗೆ ಮಾಡಿದಾಗ ‘ಟಕ್’ ಎಂದಿತು. ನೋವು ಉಗುರಿನ ಹಿಂದಿನ ಗೆಣ್ಣಿನಲ್ಲಿ ಮಿಂಚಿ ಹೋಯಿತು. ಹಿಂದಿನ ಎರಡು ವಾರ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದಿದ್ದೆ.

ಅಂದೇ ಪೇಟೆಗೆ ಹೋಗಿ ಔಷಧ ಅಂಗಡಿಯಲ್ಲಿ “ಹೆಬ್ಬೆರಳಿಗೆ ಒಂದು ಬೆಲ್ಟ್ ಕೊಡಿ” ಎಂದೆ. ಮುಂಗೈಯಿಂದ ಹೊರಟು ಹೆಬ್ಬೆರಳಿನ ಅರ್ಧದವರೆಗೆ ಬರುವ, ಒಳಗೆ ಲೋಹದ ಪಟ್ಟಿ ಇರುವ ಕಪ್ಪು ಬೆಲ್ಟ್ ಕೊಟ್ಟರು. ಹತ್ತು ದಿನ ಕಟ್ಟಿಕೊಂಡೆ. ಏನೂ ಆಗದಿದ್ದ ಮಣಿಕಟ್ಟಿಗೆ ಭರ್ಜರಿ ವಿಶ್ರಾಂತಿ ಸಿಕ್ಕಿತು. ನೋವಿದ್ದ ಹೆಬ್ಬೆರಳಿನ ತುದಿ ಮಾತ್ರ ಬೆಲ್ಟಿನಿಂದ ಹೊರಗೆ ಇಣುಕುತ್ತ ಟಕ್ ಟಕ್ ಎನ್ನುತ್ತಲೇ ಇತ್ತು. ಅಂಗಡಿಯವರನ್ನು ದೂರುವಂತಿಲ್ಲ. ಯಾವ ಗೆಣ್ಣಿಗೆ ಎಂದು ನಾನು ಹೇಳಿರಲಿಲ್ಲ, ಹೇಳಲು ನನಗೇ ಗೊತ್ತಿರಲಿಲ್ಲ.

ಸಿಕ್ಕಿಕೊಳ್ಳುವುದು ಎಲ್ಲಿ?

ಹೆಬ್ಬೆರಳಿಗೆ ಮೂರು ಗೆಣ್ಣು. ಉಗುರಿನ ಹಿಂದಿನದನ್ನು ತುದಿಗೆಣ್ಣು ಎನ್ನೋಣ. ಹೆಬ್ಬೆರಳು ಅಂಗೈಗೆ ಕೂಡುವಲ್ಲಿ ಇರುವುದು ನಡುಗೆಣ್ಣು. ಮಣಿಕಟ್ಟಿನ ಪಕ್ಕದಲ್ಲಿ, ಅಂಗೈಯ ದಪ್ಪ ಮಾಂಸದ ಬುಡದಲ್ಲಿ ಇರುವುದು ಬುಡಗೆಣ್ಣು. ತುದಿಗೆಣ್ಣನ್ನು ಮಡಚುವ ಸ್ನಾಯುರಜ್ಜು ಮುಂಗೈಯಿಂದ ಬಂದು, ನಡುಗೆಣ್ಣಿನ ಮುಂದೆ ಅಂಗೈ ಕಡೆಯಲ್ಲಿರುವ ಒಂದು ಗಟ್ಟಿ ಬಳೆಯೊಳಗೆ ನುಸುಳಿ ತುದಿಗೆ ಹೋಗುತ್ತದೆ.

ಲಂಗಕ್ಕೆ ಲಾಡಿ ಪೋಣಿಸಿದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಲಾಡಿಯಲ್ಲಿ ಗಂಟು ಬಿದ್ದರೆ ಅದು ಹೊಲಿಗೆಯ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಎಳೆದರೆ ತಟ್ಟನೆ ದಾಟುತ್ತದೆ. ಇಲ್ಲಿಯೂ ಹಾಗೆಯೇ. ಬಳೆ ದಪ್ಪವಾಗಿ ಬಿಗಿಯುತ್ತದೆ, ರಜ್ಜು ಒಂದೆಡೆ ಊದಿ ಗಂಟಿನಂತಾಗುತ್ತದೆ. ಈ ಗಂಟನ್ನು 1850ರಲ್ಲೇ ಫ್ರಾನ್ಸಿನ ವೈದ್ಯ ಆಲ್ಫೋನ್ಸ್ ನೊಟ್ಟಾ ವಿವರಿಸಿದ್ದರು. ಇಂದಿಗೂ ಅದಕ್ಕೆ ಅವರದೇ ಹೆಸರು. ಬಂದೂಕಿನ ಕುದುರೆ ಎಳೆದು ಬಿಟ್ಟಂತೆ ಬೆರಳು ಚಿಮ್ಮುವುದರಿಂದ ಕಾಯಿಲೆಯನ್ನು ಟ್ರಿಗರ್ ಫಿಂಗರ್ ಎನ್ನುತ್ತಾರೆ.

ಮೋಸ ಇರುವುದು ಇಲ್ಲೇ. ತೊಂದರೆ ನಡುಗೆಣ್ಣಿನ ಬುಡದಲ್ಲಿ, ಟಕ್ ಎನ್ನುವುದು ತುದಿಗೆಣ್ಣಿನಲ್ಲಿ, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬೆಲ್ಟ್ ಮಣಿಕಟ್ಟಿಗೆ.

ಮೊದಲು ಕಾಯಿಲೆ ಯಾವುದೆಂದು ನೋಡಿಕೊಳ್ಳಿ

ಅಂಗೈ ಮೇಲೆ ಮಾಡಿ, ಹೆಬ್ಬೆರಳು ಅಂಗೈಗೆ ಕೂಡುವಲ್ಲಿನ ಗೆರೆಯ ಮೇಲೆ ಇನ್ನೊಂದು ಕೈಯ ಬೆರಳಿನಿಂದ ಒತ್ತಿ. ಅಲ್ಲಿ ನೋವಿದ್ದರೆ, ಒತ್ತಿ ಹಿಡಿದು ತುದಿಯನ್ನು ಮೆಲ್ಲನೆ ಮಡಚಿದಾಗ ಕಾಳಿನಂಥದ್ದೇನೋ ಬೆರಳಡಿ ಜಾರಿದರೆ, ಬೆಳಗಿನ ಹೊತ್ತು ಬಿಗಿತ ಹೆಚ್ಚಿದ್ದರೆ ಟ್ರಿಗರ್ ಹೆಬ್ಬೆರಳು ಎಂದು ಊಹಿಸಬಹುದು.

ನೋವು ಮಣಿಕಟ್ಟಿನ ಹೆಬ್ಬೆರಳ ಕಡೆಯಲ್ಲಿದೆಯೇ? ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟು ಕೈಯನ್ನು ಕಿರುಬೆರಳ ಕಡೆಗೆ ಬಾಗಿಸಿದರೆ ಜೀವ ಹೋದಂತಾಗುತ್ತದೆಯೇ? ಹಾಗಾದರೆ ಅದು ಡಿ ಕೆರ್ವೈನ್ ಎಂಬ ಬೇರೆಯದೇ ಬಾಧೆ. ಮಗುವನ್ನು ಕಂಕುಳಿಗೆ ಕೈಹಾಕಿ ಪದೇ ಪದೇ ಎತ್ತುವ ಬಾಣಂತಿಯರಲ್ಲಿ ಸಾಮಾನ್ಯ. ನಾನು ಮೊದಲು ಕೊಂಡ ಕಪ್ಪು ಬೆಲ್ಟ್ ಇರುವುದೇ ಅದಕ್ಕೆ. ಬಾಟಲಿಯ ಮುಚ್ಚಳ ತಿರುಗಿಸುವಾಗ ಬುಡಗೆಣ್ಣು ನೋಯುತ್ತಿದ್ದರೆ ಸಂಧಿ ಸವೆತ ಇರಬಹುದು. ಅದಕ್ಕೆ ಬುಡವನ್ನು ಹಿಡಿದಿಡುವ ಗಿಡ್ಡ ಬೆಲ್ಟ್. ಬೆರಳುಗಳು ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತಿದ್ದರೆ ಅದು ನರದ ಮಾತು.

ಬೆಲ್ಟಿನ ಗೊಡವೆಗೇ ಹೋಗದೆ ವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳೂ ಇವೆ. ಹೆಬ್ಬೆರಳು ಮಡಚಿದಲ್ಲೇ ಬೀಗ ಬಿದ್ದು ಬಿಡಿಸಲಾಗದಿದ್ದರೆ, ಕೆಂಪಗೆ ಊದಿ ಬಿಸಿಯಾಗಿ ಜ್ವರ ಬಂದಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಕಾಯಬೇಡಿ. ಪುಟ್ಟ ಮಕ್ಕಳ ಹೆಬ್ಬೆರಳು ಮಡಚಿಯೇ ಇರುವುದುಂಟು. ಅದಕ್ಕೆ ಮನೆಯಲ್ಲಿ ಪಟ್ಟಿ ಕಟ್ಟುವ ಸಾಹಸ ಬೇಡ.

ಯಾವ ಬಗೆ?

ಗೆಣ್ಣು ಅಲುಗದಂತೆ ಹಿಡಿದಿಡುವ ಪಟ್ಟಿಗೋ ಬೆಲ್ಟಿಗೋ ವೈದ್ಯರು ಸ್ಪ್ಲಿಂಟ್ ಎನ್ನುತ್ತಾರೆ. ಬಳೆಯೊಳಗೆ ರಜ್ಜು ಹಿಂದೆ ಮುಂದೆ ಉಜ್ಜುವುದನ್ನು ಕಡಿಮೆ ಮಾಡುವುದಷ್ಟೇ ಅದರ ಕೆಲಸ. ಅದಕ್ಕೆ ತುದಿಗೆಣ್ಣನ್ನಾಗಲಿ ನಡುಗೆಣ್ಣನ್ನಾಗಲಿ ಹಿಡಿದಿಟ್ಟರೆ ಸಾಕು, ಮಣಿಕಟ್ಟನ್ನು ಕಟ್ಟಬೇಕಿಲ್ಲ. ಎರಡರಲ್ಲಿ ಯಾವುದು ಎಂಬುದನ್ನು ನಿಮ್ಮ ಕೈ ನೋಡಿದ ವೈದ್ಯರು ಹೇಳಲಿ.

ತುದಿಗೆಣ್ಣಿಗೆ ಅಗ್ಗದ್ದೆಂದರೆ ಒಂದು ಮಗ್ಗುಲಿಗೆ ಸ್ಪಂಜು ಅಂಟಿಸಿದ ಅಲ್ಯೂಮಿನಿಯಂ ಪಟ್ಟಿ. ಬೇಕಾದಂತೆ ಬಗ್ಗುತ್ತದೆ, ಮೇಲೆ ಪ್ಲಾಸ್ಟರ್ ಸುತ್ತಿಕೊಳ್ಳಬಹುದು. ರಾತ್ರಿಗೆ ಚೆನ್ನ, ಹಗಲಿಗೆ ಕಾಟ: ಸೀರೆಯ ಸೆರಗಿಗೆ ಸಿಕ್ಕುತ್ತದೆ, ನೀರು ಬಿದ್ದರೆ ಸ್ಪಂಜು ಒದ್ದೆ. ಇಂಗ್ಲಿಷ್ ಅಂಕಿ 8ರ ಆಕಾರದ ಪ್ಲಾಸ್ಟಿಕ್ ಉಂಗುರಗಳೂ ಇವೆ. ತೆಳ್ಳಗೆ, ಹಗುರ, ಪಾತ್ರೆ ತೊಳೆಯುವಾಗಲೂ ತೊಂದರೆಯಿಲ್ಲ. ಆದರೆ ಅಳತೆ ಒಂದು ಕೂದಲೆಳೆ ತಪ್ಪಿದರೂ ಒಂದೋ ಜಾರುತ್ತದೆ, ಇಲ್ಲವೇ ಕಚ್ಚುತ್ತದೆ.

ಬಟ್ಟೆಯಂತೆ ಮೆತ್ತಗಿರುವ ನಿಯೋಪ್ರಿನ್ ಬೆಲ್ಟ್ ಹಿತವಾಗಿ ಬೆಚ್ಚಗಿರುತ್ತದೆ. ಅದನ್ನು ಕೊಳ್ಳುವಾಗ ಒಳಗೆ ಗಟ್ಟಿ ಪಟ್ಟಿ ಇದೆಯೇ ಎಂದು ಹಿಸುಕಿ ನೋಡಿ. ಪಟ್ಟಿ ಇಲ್ಲದ್ದು ಕಾಲುಚೀಲಕ್ಕೆ ಸಮ. ಬೆರಳು ಅದರೊಳಗೆ ಆರಾಮವಾಗಿ ಮಡಚುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದು ಒಣಗುವುದೂ ಇಲ್ಲ. ಮೂರನೆಯ ದಿನಕ್ಕೆ ವಾಸನೆ, ನಾಲ್ಕನೆಯ ದಿನಕ್ಕೆ ತುರಿಕೆ.

ನನ್ನ ಮತ ಕೇಳಿದರೆ, ಕೈಗೆ ಅಚ್ಚು ತೆಗೆದು ಮಾಡಿಸಿಕೊಂಡದ್ದಕ್ಕೆ ಸಾಟಿಯಿಲ್ಲ. ಇದನ್ನು ಮಾಡುವವರು ಆಕ್ಯುಪೇಷನಲ್ ಥೆರಪಿಸ್ಟ್‌ಗಳು. ಮಣಿಪಾಲದಂತಹ ಕಡೆ ಆ ವಿದ್ಯೆಗೆ ಪದವಿಯೇ ಇದೆ. ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 65ರಿಂದ 70 ಡಿಗ್ರಿ ಬಿಸಿ ನೀರಿನಲ್ಲಿ ಅದ್ದುತ್ತಾರೆ. ಹಪ್ಪಳದ ಹಿಟ್ಟಿನಂತೆ ಮೆತ್ತಗಾದ ತುಂಡನ್ನು ಒರೆಸಿ ನಿಮ್ಮ ಹೆಬ್ಬೆರಳಿನ ಮೇಲೆಯೇ ಒತ್ತುತ್ತಾರೆ. ಕೆಲವೇ ನಿಮಿಷದಲ್ಲಿ ಅದು ಬೆರಳಿನ ತದ್ರೂಪಾಗಿ ಗಟ್ಟಿಯಾಗುತ್ತದೆ. ಬಚ್ಚಲ ಹಂಡೆಯ ಪಕ್ಕದಲ್ಲಿ ಮರೆತಿಟ್ಟರೆ ಮತ್ತೆ ಸೊಟ್ಟಗಾದೀತು, ಅಷ್ಟೇ ಎಚ್ಚರ.

ಅಳತೆ ಮತ್ತು ಪರೀಕ್ಷೆ

ಹೂ ಕಟ್ಟುವ ನೂಲನ್ನು ಗೆಣ್ಣಿನ ಸುತ್ತ ಬಿಗಿಯದೆ ಸುತ್ತಿ, ಗುರುತು ಮಾಡಿ, ಸ್ಕೇಲಿನ ಮೇಲೆ ಇಡಿ. ತುದಿಗೆಣ್ಣು, ನಡುಗೆಣ್ಣು ಎರಡನ್ನೂ ಅಳೆಯಿರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದು ದೊಡ್ಡದನ್ನು ಇಟ್ಟುಕೊಳ್ಳಿ, ಏಕೆಂದರೆ ಊತ ಒಂದೇ ಸಮ ಇರುವುದಿಲ್ಲ. ನೋವಿರುವ ಕೈಯನ್ನೇ ಅಳೆಯಬೇಕು. ಎಡಗೈಯದೋ ಬಲಗೈಯದೋ ಎಂಬುದನ್ನು ಪೆಟ್ಟಿಗೆಯ ಮೇಲೆ ಓದಿಕೊಳ್ಳಿ.

ಅಂಗಡಿಯಲ್ಲಿ ಹಾಕಿಕೊಂಡು ತುದಿಯನ್ನು ಮಡಚಲು ಯತ್ನಿಸಿ. ಬೆಲ್ಟ್ ಹಿಡಿಯಬೇಕಾದ ಗೆಣ್ಣು ಅಲುಗಬಾರದು, ಉಳಿದ ನಾಲ್ಕು ಬೆರಳು ಮುಷ್ಟಿಯಾಗಬೇಕು. ಉಗುರನ್ನು ಒತ್ತಿ ಬಿಟ್ಟರೆ ಬಿಳಿಚಿದ ಬಣ್ಣ ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಾಗಬೇಕು. ಹಾಗಾಗದಿದ್ದರೆ, ಜೋಮು ಹಿಡಿದರೆ, ಬಿಗಿ ಹೆಚ್ಚಾಯಿತೆಂದೇ ಲೆಕ್ಕ. ಮನೆಗೆ ಬಂದು ಅರ್ಧ ಗಂಟೆ ಹಾಕಿ ತೆಗೆಯಿರಿ. ಚರ್ಮದ ಮೇಲಿನ ಕೆಂಪು ಗೆರೆ ಇಪ್ಪತ್ತು ನಿಮಿಷವಾದರೂ ಮಾಸದಿದ್ದರೆ ಆ ಬೆಲ್ಟ್ ಹಿಂತಿರುಗಿಸಿ. ಸಕ್ಕರೆ ಕಾಯಿಲೆಯಿಂದ ಕೈಯ ಸ್ಪರ್ಶ ಮಂದವಾಗಿರುವವರು ನೋವಿಗಾಗಿ ಕಾಯದೆ ದಿನವೂ ಕಣ್ಣಿನಿಂದಲೇ ಚರ್ಮ ನೋಡಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರಿಗೆ ಟ್ರಿಗರ್ ಫಿಂಗರ್ ಹೆಚ್ಚಾಗಿ ಬರುತ್ತದೆ ಎಂಬುದೂ ನಿಜ. ಪರೀಕ್ಷೆ ಮಾಡಿಸಿ ಬಹಳ ಕಾಲವಾಗಿದ್ದರೆ ಇದೇ ನೆಪದಲ್ಲಿ ಮಾಡಿಸಿ.

ಎಷ್ಟು ಹೊತ್ತು, ಎಷ್ಟು ದಿನ?

ನಿದ್ದೆಯಲ್ಲಿ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುವುದರಿಂದ ರಾತ್ರಿ ಹಾಕಿಕೊಳ್ಳುವುದು ಮುಖ್ಯ. ಹಗಲಿನಲ್ಲಿ ಬಿಗಿಯಾಗಿ ಹಿಡಿಯುವ ಕೆಲಸವಿದ್ದಾಗ ಹಾಕಿ. ನಡುನಡುವೆ ತೆಗೆದು ಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ, ನೋಯದಷ್ಟು ಮೆಲ್ಲನೆ ಆಡಿಸಿ, ಇಲ್ಲದಿದ್ದರೆ ಗೆಣ್ಣು ಜಡ್ಡುಗಟ್ಟುತ್ತದೆ. ಸಾಮಾನ್ಯವಾಗಿ ಆರು ವಾರ, ಕೆಲವೊಮ್ಮೆ ಹತ್ತು ವಾರ ಹಿಡಿಯುತ್ತದೆ. “ವಾಸಿಯಾಯಿತೇ ನೋಡೋಣ” ಎಂದು ಗಂಟೆಗೊಮ್ಮೆ ಟಕ್ ಎನಿಸಿ ನೋಡುವ ಚಪಲ ನನಗೂ ಇತ್ತು. ಹುಣ್ಣಿನ ಹಕ್ಕಳೆ ಕೀಳುವ ಚಾಳಿಯೇ ಅದು.

ಕೆಲಸದ ರೀತಿ ಬದಲಾಗದಿದ್ದರೆ ಬೆಲ್ಟ್ ಏನು ಮಾಡೀತು? ಕತ್ತರಿಯ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡೆ. ಹೆಬ್ಬೆರಳು ಮಡಚಿ ಹಾಲು ಕರೆಯುವುದನ್ನು ಬಿಟ್ಟು ಇಡೀ ಮುಷ್ಟಿಯಿಂದ ಕರೆಯುವುದನ್ನು ಈ ವಯಸ್ಸಿನಲ್ಲಿ ಕಲಿತೆ. ಹಸುವಿನ ಮೊಲೆಗೂ ಅದೇ ಒಳ್ಳೆಯದೆಂದು ಪಶುವೈದ್ಯರು ಹೇಳುತ್ತಲೇ ಇದ್ದರು, ಕೇಳಿರಲಿಲ್ಲ.

ಅಷ್ಟಾದರೂ ಬಗ್ಗದಿದ್ದರೆ ಸ್ಟಿರಾಯ್ಡ್ ಚುಚ್ಚುಮದ್ದು ಇದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಕೆಲವು ದಿನ ಸಕ್ಕರೆಯನ್ನು ಏರಿಸುವುದರಿಂದ ಮೊದಲೇ ವೈದ್ಯರಿಗೆ ತಿಳಿಸಬೇಕು. ಕೊನೆಯದು ಬಿಗಿದ ಬಳೆಯನ್ನು ಬಿಡಿಸುವ ಸಣ್ಣ ಶಸ್ತ್ರಚಿಕಿತ್ಸೆ: ಸಾಮಾನ್ಯವಾಗಿ ಅಷ್ಟೇ ಜಾಗ ಮರಗಟ್ಟಿಸಿ ಮಾಡಿ, ಅಂದೇ ಮನೆಗೆ ಕಳಿಸುತ್ತಾರೆ.

ನನ್ನದು ಚುಚ್ಚುಮದ್ದಿನವರೆಗೆ ಹೋಗಲಿಲ್ಲ. ಅಚ್ಚಿನ ಸ್ಪ್ಲಿಂಟ್ ಏಳು ವಾರ ಹಾಕಿದೆ. ಈಗಲೂ ಸುಲಿಯುವ ಕಾಲದಲ್ಲಿ ರಾತ್ರಿ ದಿಂಬಿನ ಪಕ್ಕದಲ್ಲಿರುತ್ತದೆ. ಆ ಕಪ್ಪು ಬೆಲ್ಟನ್ನು ತೊಳೆದು ಒಣಗಿಸಿ ಪಕ್ಕದ ಮನೆಯ ಬಾಣಂತಿಗೆ ಕೊಟ್ಟೆ. ಡಾಕ್ಟರು ಅವಳಿಗೆ ಬರೆದುಕೊಟ್ಟದ್ದು ಅದೇ ಬಗೆಯದು, ಅಳತೆಯೂ ಸರಿಹೋಯಿತು.