ಬಫಿಂಗ್‌ಗೆ ಸಿಕ್ಕಿದ ತೂಗುದೀಪಕ್ಕೆ ಹಳೆಯ ಬಣ್ಣ ಬರಿಸಿದ್ದು

ಮೂಡಿಗೆರೆ ಕಡೆಯ ತೊಟ್ಟಿಮನೆಯೊಂದರಿಂದ ನನ್ನ ಬಳಿಗೆ ಬಂದ ಎರಕದ ಹಿತ್ತಾಳೆ ತೂಗುದೀಪವನ್ನು ಯಾರೋ ಉಜ್ಜಿ ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಹಿಡಿದು, ಮೇಲೆ ಹೊಳಪು ಕಾಯುವ ಪಾರದರ್ಶಕ ಲೇಪವಾದ ಲ್ಯಾಕರನ್ನೂ ಬಳಿದಿದ್ದರು. ದೀಪದ ಮೇಲಿನ ಹಂಸದ ರೆಕ್ಕೆಯ ಗೆರೆಗಳಲ್ಲಿದ್ದ ಕಪ್ಪು ಹೋಗಿ, ಪಾಲಿಶ್ ಮೇಣದ ಕಂದು ಮುದ್ದೆ ಕುಳಿತಿತ್ತು. ಪುಣ್ಯಕ್ಕೆ ಗೆರೆಗಳು ಸವೆದಿರಲಿಲ್ಲ. ಸವೆದ ಗೆರೆಯನ್ನು ಮರಳಿ ತರಲಾಗದು, ಬಣ್ಣವನ್ನು ತರಬಹುದು.

ಈ ಕೆಲಸದಲ್ಲಿ ಬಣ್ಣ ಬರಿಸುವುದಕ್ಕಿಂತ ತೊಳೆಯುವುದೇ ದೊಡ್ಡದೆಂದು ನಾನು ನಂಬಿದ್ದೇನೆ. ಲ್ಯಾಕರ್ ಅಥವಾ ಜಿಡ್ಡು ಉಳಿದ ಕಡೆ ಲೋಹಕ್ಕೆ ಗಾಳಿಯೇ ತಾಗುವುದಿಲ್ಲವಾದ್ದರಿಂದ ಅಲ್ಲಿ ಹಳದಿ ಮಚ್ಚೆ ನಿಲ್ಲುತ್ತದೆ. ಮೊದಲು ಥಿನ್ನರ್‌ನಿಂದ ಲ್ಯಾಕರ್ ತೆಗೆದು, ಗೆರೆಗಳಲ್ಲಿದ್ದ ಮೇಣವನ್ನು ಚೂಪು ಮಾಡಿದ ಬಿದಿರು ಕಡ್ಡಿಯಿಂದ ಕೆರೆದು, ಸೋಪಿನ ಬಿಸಿನೀರಿನಲ್ಲಿ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ. ನೀರು ಹನಿಹನಿಯಾಗಿ ಒಡೆಯದೆ ಇಡೀ ಮೈಮೇಲೆ ತೆಳ್ಳಗೆ ಹರಡಿ ನಿಂತಾಗ ಜಿಡ್ಡು ಹೋಯಿತೆಂದು ತಿಳಿದೆ. ಅಲ್ಲಿಂದ ಮುಂದೆ ಕೈಗವಸು ಇಲ್ಲದೆ ದೀಪವನ್ನು ಮುಟ್ಟಲಿಲ್ಲ, ಏಕೆಂದರೆ ಬೆರಳಿನ ಗುರುತೂ ಬಣ್ಣದಲ್ಲಿ ಮೂಡುತ್ತದೆ.

ಲೋಹಕ್ಕೆ ಹಳೆಯ ಬಣ್ಣ ಬರಿಸಲು ಬಳಸುವ ಪೊಟ್ಯಾಶಿಯಂ ಸಲ್ಫೈಡ್ ದ್ರಾವಣ ತಾಮ್ರಕ್ಕೂ ಕಂಚಿಗೂ ಬೇಗ ಹಿಡಿಯುತ್ತದೆ. ಸತು ಬೆರೆತ ಹಿತ್ತಾಳೆಗೆ ಅಷ್ಟು ಸಲೀಸಾಗಿ ಹಿಡಿಯುವುದಿಲ್ಲ. ಆದ್ದರಿಂದ ಅಮೋನಿಯಾದ ಆವಿಯನ್ನು ಆರಿಸಿಕೊಂಡೆ. ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನ ತಳದಲ್ಲಿ ಒಂದು ಬಟ್ಟಲು ಅಮೋನಿಯಾ ದ್ರಾವಣವಿಟ್ಟು, ದೀಪದ ಭಾಗಗಳನ್ನು ದ್ರವಕ್ಕೆ ತಾಗದಂತೆ ನೂಲಿನಲ್ಲಿ ತೂಗುಹಾಕಿದೆ. ಇದನ್ನು ಅಂಗಳದಲ್ಲೇ ಮಾಡಬೇಕು, ಬ್ಲೀಚಿಂಗ್ ಪುಡಿಯನ್ನಂತೂ ಹತ್ತಿರವೂ ತರಬಾರದು. ಎರಡೂ ಬೆರೆತರೆ ವಿಷಾನಿಲ ಹುಟ್ಟುತ್ತದೆ. ಹಳದಿ ಮೊದಲು ಮಂಕಾಗಿ, ಬಳಿಕ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ನಿಧಾನವಾಗಿ ಕಂದಾಯಿತು. ಬೇಕೆನಿಸಿದ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾಗಿರುವಾಗಲೇ ಹೊರತೆಗೆದು ತೊಳೆದು ಬಿಸಿಲಿಗಿಟ್ಟೆ.

ಎರಕದ ದಪ್ಪ ವಸ್ತುವಾದ್ದರಿಂದ ಇದಕ್ಕೆ ಧೈರ್ಯ ಮಾಡಿದೆ. ಬಡಿದು ಮಾಡಿದ ತೆಳು ಕೊಡಗಳಿಗೆ ಈ ವಿಧಾನ ಸಲ್ಲದು, ಅವು ಸೀಳಬಹುದು. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯವರು ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ಇಟ್ಟಿದ್ದ ಹಿತ್ತಾಳೆಯ ತೋಟಾಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾವೂ ತಯಾರಿಸುವಾಗ ಲೋಹದೊಳಗೆ ಉಳಿದಿದ್ದ ಬಿಗಿತವೂ ಸೇರಿ ಹಾಗಾಗುತ್ತದೆಂದು 1921ರಲ್ಲಿ ವಿವರಿಸಲಾಯಿತು. ಅಡುಗೆ ಪಾತ್ರೆಗೂ ಇದನ್ನು ಮಾಡಬಾರದು. ಪೂಜೆಗೊಳ್ಳುವ ಹಳೆಯ ವಿಗ್ರಹಗಳನ್ನು ನಾನು ಮುಟ್ಟುವುದೇ ಇಲ್ಲ, ಅವು ಸಂರಕ್ಷಣಾ ತಜ್ಞರ ಕೆಲಸ.

ಒಂದೇ ಸಮನೆ ಕಂದಾಗಿರುವ ದೀಪ ಹೊಸ ಬಣ್ಣ ಬಳಿದಂತೆ ಕಾಣುತ್ತದೆ. ದಿನವೂ ಕೈ ತಾಗುವ ಕೊಂಡಿ, ಹಂಸದ ನೆತ್ತಿ, ತಟ್ಟೆಯ ಅಂಚು ಇಷ್ಟನ್ನೇ ನುಣ್ಣನೆಯ ಸೀಮೆಸುಣ್ಣದ ಪುಡಿ ಅದ್ದಿದ ಒದ್ದೆ ಬಟ್ಟೆಯಿಂದ ಮೆಲ್ಲಗೆ ಉಜ್ಜಿದೆ. ಗೆರೆಗಳ ಆಳದಲ್ಲಿ ಗಾಢ ಬಣ್ಣವನ್ನು ಹಾಗೆಯೇ ಬಿಟ್ಟೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಕಿಲುಬು ಹಿಡಿಯದಿರಲೆಂದು, ಬಿಸಿಲಿಗೆ ಬೆಚ್ಚಗಾದ ಲೋಹಕ್ಕೆ ಜೇನುಮೇಣವನ್ನು ತೆಳ್ಳಗೆ ಸವರಿ ಹತ್ತಿಬಟ್ಟೆಯಿಂದ ಒರೆಸಿದೆ. ಬತ್ತಿ ಉರಿಯುವ ತಟ್ಟೆಗೆ ಮಾತ್ರ ಮೇಣ ಹಚ್ಚಲಿಲ್ಲ, ಬಿಸಿಗೆ ಕರಗುತ್ತದೆ. ಹುಣಸೆಹುಳಿ ಮತ್ತು ಉಪ್ಪು ಹಾಕಿ ಬೆಳಗಿದರೆ ಈ ಬಣ್ಣವೆಲ್ಲ ಒಂದೇ ಬಾರಿಗೆ ಹೋಗುವುದರಿಂದ, ಇನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕೆಂದು ಮನೆಯವರಿಗೆ ತಿಳಿಸಿದೆ.