ಹಳೇ ಕ್ಯಾಮರೋಗೆ ಹೊಸ ಎಂಜಿನ್: ಮುಂಭಾಗದ ಬೆಲ್ಟ್ ಸೆಟ್ ಆರಿಸುವುದು ಹೇಗೆ?

1969ರ ಷೆವ್ರೊಲೆ ಕ್ಯಾಮರೋದಂಥ ಹಳೇ ಕಾರಿಗೆ ಜನರಲ್ ಮೋಟರ್ಸ್‌ನ ಎಂಟು ಸಿಲಿಂಡರ್‌ನ ಎಲ್‌ಎಸ್ ಎಂಜಿನ್ ಕೂರಿಸುವುದು ಅಮೆರಿಕದ ಗ್ಯಾರೇಜುಗಳಲ್ಲಿ ಈಗ ಮಾಮೂಲಿ. 1997ರ ಕಾರ್ವೆಟ್ ಸ್ಪೋರ್ಟ್ಸ್ ಕಾರಿನಲ್ಲಿ ಈ ಮನೆತನದ ಮೊದಲ ಎಂಜಿನ್ ಎಲ್‌ಎಸ್1 ಬಂತು. ಅದೇ ಮನೆತನದ ಎಂಜಿನ್‌ಗಳು ಆಮೇಲೆ ಪಿಕಪ್ ಟ್ರಕ್‌ಗಳಿಗೂ ಹೋದವು. ಎಂಜಿನ್ ಹೇಗೋ ಕೂರುತ್ತದೆ. ತಲೆನೋವು ಇರುವುದು ಅದರ ಮೂತಿಯಲ್ಲಿ: ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್, ವಾಟರ್ ಪಂಪ್, ಪವರ್ ಸ್ಟೀರಿಂಗ್ ಪಂಪ್, ಎಸಿ ಕಂಪ್ರೆಸರ್, ಇವನ್ನೆಲ್ಲ ತಿರುಗಿಸುವ ಬೆಲ್ಟ್. ಇವೆಲ್ಲ ಸೇರಿದ್ದೇ ಬೆಲ್ಟ್ ಸೆಟ್.

ಮೊದಲು ಅಳತೆ, ಖರೀದಿ ಆಮೇಲೆ. ಎಂಜಿನ್ ಮೌಂಟ್ ಮೇಲೆ ಕೂತ ಮೇಲೆ ಬ್ಲಾಕ್‌ನಿಂದ (ಎಂಜಿನ್‌ನ ಮುಖ್ಯ ಒಡಲು) ರೇಡಿಯೇಟರ್ ಫ್ಯಾನ್‌ವರೆಗೆ ಟೇಪ್ ಹಿಡಿಯಿರಿ. ಕಾರು ಕಂಪನಿಯ ಸೆಟ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಕಾರ್ವೆಟ್ ಸೆಟ್‌ನ ಬೆಲ್ಟ್ ಬ್ಲಾಕ್‌ಗೆ ತೀರಾ ಹತ್ತಿರ. 1998–2002ರ ಕ್ಯಾಮರೋದ್ದು ಅದಕ್ಕಿಂತ ಸುಮಾರು ಮುಕ್ಕಾಲು ಇಂಚು ಮುಂದೆ, ಟ್ರಕ್‌ದು ಕಾರ್ವೆಟ್‌ಗಿಂತ ಒಂದೂವರೆ ಇಂಚು ಮುಂದೆ. ಒಂದರ ಬ್ಯಾಲೆನ್ಸರ್ (ಎಂಜಿನ್ ಮುಂದೆ ಬೆಲ್ಟ್ ಓಡಿಸುವ ಗಾಲಿ), ಇನ್ನೊಂದರ ವಾಟರ್ ಪಂಪ್ ಸೇರಿಸಿದರೆ ಬೆಲ್ಟ್ ಒಂದೇ ಸಾಲಿಗೆ ಬರುವುದಿಲ್ಲ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಬಿಡಿಬಿಡಿಯಾಗಿ ತರಬೇಡಿ, ಪೂರ್ತಿ ಸೆಟ್ಟನ್ನೇ ತನ್ನಿ.

ಜಾಸ್ತಿ ಜನ ಎಡವುವುದು ಎಸಿ ಕಂಪ್ರೆಸರ್ ಹತ್ತಿರ. ಟ್ರಕ್ ಮತ್ತು ಕ್ಯಾಮರೋ ಸೆಟ್‌ಗಳಲ್ಲಿ ಅದು ಬಲಗಡೆ ಕೆಳಗೆ ಕೂರುತ್ತದೆ. ಹಳೇ ಕಾರಿನ ಫ್ರೇಮ್ ಇರುವುದೂ ಅಲ್ಲೇ! ಕೆಲವರು ಫ್ರೇಮನ್ನೇ ಕತ್ತರಿಸಿ ಜಾಗ ಮಾಡುತ್ತಾರೆ. ಚಪ್ಪಲಿ ಸಣ್ಣದಾಯ್ತು ಅಂತ ಕಾಲು ಕೊಯ್ದುಕೊಂಡ ಹಾಗೆ, ಅಲ್ವಾ? ಕಂಪ್ರೆಸರ್ ಮೇಲಕ್ಕೆ ಎತ್ತುವ ಬ್ರಾಕೆಟ್ ಸಿಗುತ್ತದೆ. ನಾನಾದರೆ ಅದಕ್ಕೇ ದುಡ್ಡು ಹಾಕುತ್ತೇನೆ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ವಾಲಾಡುತ್ತದೆ, ಹಾಗಾಗಿ ಸುತ್ತ ಬೆರಳು ತೂರುವಷ್ಟಾದರೂ ಸಂದು ಬಿಡಿ.

ಟ್ರಕ್ ಸೆಟ್‌ನಲ್ಲಿ ಆಲ್ಟರ್ನೇಟರ್ ಎತ್ತರದಲ್ಲಿರುತ್ತದೆ. ಬಾನೆಟ್‌ಗೆ ತಾಗುತ್ತದೋ ಇಲ್ಲವೋ ಊಹಿಸುತ್ತಾ ಕೂರಬೇಡಿ. ಚಪಾತಿ ಹಿಟ್ಟಿನ ಉಂಡೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಅದರ ಮೇಲಿಟ್ಟು ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ, ತೆರೆಯಿರಿ. ಚಪ್ಪಟೆಯಾದ ಹಿಟ್ಟು ಎಷ್ಟು ದಪ್ಪವೋ ಅಷ್ಟೇ ನಿಮಗಿರುವ ಜಾಗ.

ಆಲ್ಟರ್ನೇಟರ್ ಆರಿಸುವಾಗ ಎಲೆಕ್ಟ್ರಿಕ್ ಫ್ಯಾನ್, ಇಂಧನ ಪಂಪ್, ಕಂಪ್ಯೂಟರ್ ಎಲ್ಲದರ ಆಂಪಿಯರ್ ಕೂಡಿಸಿ. ಪುಲ್ಲಿ ಲೆಕ್ಕವೂ ಬೇಕು. ಕ್ರ್ಯಾಂಕ್ ಪುಲ್ಲಿ (ಅದೇ ಬ್ಯಾಲೆನ್ಸರ್) 7.5 ಇಂಚು, ಆಲ್ಟರ್ನೇಟರ್‌ದು 2.5 ಇಂಚು ಇದ್ದರೆ ಮೂರು ಪಟ್ಟು ವೇಗ. ಐಡಲ್‌ನಲ್ಲಿ, ಅಂದರೆ ಕಾರು ನಿಂತಿದ್ದು ಎಂಜಿನ್ ಮಾತ್ರ ಓಡುವಾಗ, ಎಂಜಿನ್ ನಿಮಿಷಕ್ಕೆ 700 ಸುತ್ತಿದರೆ ಅದು 2100 ಸುತ್ತುತ್ತದೆ. ಹಳೇ ಚಾರ್ಜಿಂಗ್ ವೈರ್ ತೆಗೆದು ದಪ್ಪನೆಯದು ಹಾಕಿ. ಇನ್ನು ಪವರ್ ಸ್ಟೀರಿಂಗ್: 1998–2002ರ ಕ್ಯಾಮರೋದ ಪಂಪ್ ಇರುವುದು ಹಲ್ಲುಪಟ್ಟಿಯಿರುವ ಸ್ಟೀರಿಂಗ್ ರ‍್ಯಾಕ್‌ಗೆ, ಹಳೇ ಕಾರಿನಲ್ಲಿರುವುದು ಸ್ಟೀರಿಂಗ್ ಬಾಕ್ಸ್. ಒತ್ತಡ ಹೊಂದುತ್ತದೆಯೇ ಎಂದು ಕೇಳಿಯೇ ಕೊಳ್ಳಿ.

ಬ್ಯಾಲೆನ್ಸರನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಡಿ, ಅದಕ್ಕೆಂದೇ ಟೂಲ್ ಇದೆ. ಅದರ ಬೋಲ್ಟ್ ಒಮ್ಮೆ ಬಿಗಿದರೆ ಮುಗಿಯಿತು, ಬಿಚ್ಚಿದರೆ ಹೊಸದೇ ಬೇಕು. ಎಲ್ಲ ಕೂರಿಸಿ ಪುಲ್ಲಿಗಳ ಮೇಲೆ ನೇರ ಪಟ್ಟಿ ಇಟ್ಟು ನೋಡಿ. ಒಂದು ಅಡಿ ಅಂತರಕ್ಕೆ ಒಂದೂವರೆ ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಬೆಲ್ಟ್ ಕಿರುಚಲು ಶುರು.

ಬೆಲ್ಟ್ ಮಾತ್ರ ಕೊನೆಗೆ ಕೊಳ್ಳಿ. ಬೆಲ್ಟ್ ಬಿಗಿ ಹಿಡಿಯುವ ಟೆನ್ಶನರನ್ನು ಅದರ ಓಟದ ನಡುವಿಗೆ ತಂದು ನಿಲ್ಲಿಸಿ, ಬೆಲ್ಟ್ ಹೋಗುವ ದಾರಿಯಲ್ಲೇ ಒಂದು ದಾರ ಸುತ್ತಿ ಗುರುತು ಹಾಕಿ. ಆ ದಾರವನ್ನೇ ಅಂಗಡಿಗೆ ಒಯ್ಯಿರಿ.